ಓಶಿನೆನ್ ಸರೋವರದ ಮೇಲಿನ ಕಾಲುದಾರಿ: ನೀವು ಕೇಳಿದ್ದು, ನಾವು ಹೇಳುವುದು

ಸ್ವಿಟ್ಜರ್ಲೆಂಡಿನ ಕಾಂಡರ್‌ಸ್ಟೆಗ್ ಊರಿನ ಮೇಲೆ, ಮೂರು ಕಡೆ ಕಡಿದಾದ ಬಂಡೆಗೋಡೆಗಳ ನಡುವೆ ಓಶಿನೆನ್ ಸರೋವರವಿದೆ. ಅದರ ಉತ್ತರದ ಇಳುಕಲಿನ ಎತ್ತರದಲ್ಲಿ ಹಾದು, ಪೂರ್ವದ ತುದಿಯಲ್ಲಿ ನೀರಿಗಿಳಿದು, ದಡದ ಗುಂಟ ವಾಪಸಾಗುವ ಸುತ್ತುದಾರಿಯ ಬಗ್ಗೆ ಬಂದ ಪ್ರಶ್ನೆಗಳಿವು.

ಬರ್ನ್‌ನಲ್ಲಿ ಉಳಿದುಕೊಂಡಿದ್ದೇವೆ. ಬೆಳಿಗ್ಗೆ ಹೊರಟು ಈ ದಾರಿ ಮುಗಿಸಿ ಸಂಜೆಗೆ ಮರಳಲು ಆದೀತೇ?

ಧಾರಾಳವಾಗಿ ಆಗುತ್ತದೆ. ಸ್ಪೀಟ್ಸ್ ಮಾರ್ಗವಾಗಿ ರೈಲಿನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ. ನಿಲ್ದಾಣದಿಂದ ಗೊಂಡೊಲಾ (ತಂತಿಯ ಮೇಲೆ ಬೆಟ್ಟವೇರುವ ತೊಟ್ಟಿಲು) ಹತ್ತುವ ಜಾಗಕ್ಕೆ ನಡೆದೇ ಹೋಗಬಹುದು. ಊರು 1176 ಮೀಟರ್ ಎತ್ತರದಲ್ಲಿದೆ, ಗೊಂಡೊಲಾದ ಮೇಲಿನ ನಿಲ್ದಾಣ 1682ರಲ್ಲಿ, ಸರೋವರ 1578ರಲ್ಲಿ. ಈ ಕೊನೆಯ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ. ನಿಲ್ದಾಣ ಸರೋವರಕ್ಕಿಂತ ನೂರು ಮೀಟರ್ ಮೇಲಿದೆ! ಅಂದರೆ ದಿನದ ಕೊನೆಗೆ, ಕಾಲು ಸೋತಿರುವಾಗ, ಮತ್ತೆ ಏರಬೇಕು. ದಡದಲ್ಲಿ ಆರಾಮಾಗಿ ಕುಳಿತವರು ಕೊನೆಯ ಗೊಂಡೊಲಾ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಈ ನೂರು ಮೀಟರ್ ಮರೆತಿದ್ದರಿಂದಲೇ.

ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಿ. ಕೊನೆಯ ಗೊಂಡೊಲಾ ಐದಕ್ಕೆ ಎಂದಿಟ್ಟುಕೊಳ್ಳೋಣ (ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹತ್ತುವಾಗಲೇ ಫಲಕ ನೋಡಿ). ಸರೋವರದ ದಡವನ್ನು ನಾಲ್ಕೂಕಾಲಿಗೆ ಬಿಡಬೇಕು. ದಾರಿಯ ಅತಿ ಎತ್ತರದ ಜಾಗವಾದ ಓಬರ್‌ಬೆರ್ಗ್ಲಿಯನ್ನು ಎರಡೂವರೆಗೆ, ಅದಕ್ಕೂ ಮೊದಲು ಸಿಗುವ ಹಾಯ್‌ಬೆರ್ಗ್ ನೋಟದ ತಾಣವನ್ನು ಒಂದೂಕಾಲಿಗೆ. ಮೇಲಿನ ನಿಲ್ದಾಣದಿಂದ ಹನ್ನೊಂದೂವರೆಗೆ ಹೊರಟರೂ ಅದು ಕೊನೆಯ ಗಡುವೇ. ಹತ್ತಕ್ಕೇ ನಡೆಯಲು ಶುರುಮಾಡಿದರೆ ಊಟಕ್ಕೂ ಫೋಟೋಕ್ಕೂ ಹೊತ್ತಿರುತ್ತದೆ.

ಕಾಲುದಾರಿಯ ಹಳದಿ ಫಲಕದಲ್ಲಿ ಬರೆದಿರುವ ನಡಿಗೆಯ ಸಮಯ ನಂಬಬಹುದೇ? ಇನ್ನೊಂದು ಬೆಟ್ಟದಲ್ಲಿ ಅದು ಹೇಳಿದ ಎರಡು ಗಂಟೆಗೆ ನಮಗೆ ಮೂರು ಹಿಡಿಯಿತು.

ಫಲಕ ಸುಳ್ಳು ಹೇಳುವುದಿಲ್ಲ, ಆದರೆ ನಿಮ್ಮನ್ನು ನೋಡಿ ಬರೆದದ್ದಲ್ಲ. ಸಮತಟ್ಟಿನಲ್ಲಿ ಗಂಟೆಗೆ 4.2 ಕಿಲೋಮೀಟರ್ ವೇಗ ಹಿಡಿದು, ಏರಿಳಿತಕ್ಕೆ ಕಾಲ ಸೇರಿಸಿ ಆ ಲೆಕ್ಕ ಹಾಕುತ್ತಾರೆ. ನಿಲ್ಲುವುದು, ನೀರು ಕುಡಿಯುವುದು, ಎದುರು ಬಂದವರಿಗೆ ದಾರಿ ಬಿಡುವುದು ಯಾವುದೂ ಅದರಲ್ಲಿಲ್ಲ. ಈ ಸುತ್ತು ಎಂಟು ಕಿಲೋಮೀಟರಿನ ಆಸುಪಾಸು, ಬರೀ ನಡಿಗೆಗೆ ಮೂರರಿಂದ ಮೂರೂವರೆ ಗಂಟೆ. ರೂಢಿಯಿಲ್ಲದವರು ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಮೊದಲ ಎರಡು ಫಲಕಗಳ ನಡುವೆ ಎಷ್ಟು ಹಿಡಿಯಿತೆಂದು ನೋಡಿಕೊಂಡರೆ ನಿಮ್ಮ ಪಟ್ಟು ಎಷ್ಟೆಂಬುದು ಅಲ್ಲೇ ತಿಳಿಯುತ್ತದೆ.

ಸಮಯಕ್ಕಿಂತ ಬಣ್ಣ ಮುಖ್ಯ. ಬರಿಯ ಹಳದಿ ಎಂದರೆ ಸಾಮಾನ್ಯ ಕಾಲುದಾರಿ. ಬಿಳಿ-ಕೆಂಪು-ಬಿಳಿ ಪಟ್ಟಿ ಬೆಟ್ಟದ ದಾರಿ: ಕಿರಿದು, ಕಡಿದು, ಕೆಲವೆಡೆ ಒಂದು ಬದಿ ಬಯಲು. ಬಿಳಿ-ನೀಲಿ-ಬಿಳಿ ಇದ್ದರೆ ಹಗ್ಗ, ಹಿಮದ ಪರಿಚಯವಿದ್ದವರಿಗೆ ಮಾತ್ರ. ಗೊಂಡೊಲಾದಿಂದ ನೇರ ಸರೋವರಕ್ಕೆ ಹೋಗುವ ದಾರಿ ಸುಲಭದ್ದು. ನೀವು ಕೇಳುತ್ತಿರುವ ಮೇಲಿನ ದಾರಿ ಬಿಳಿ-ಕೆಂಪು-ಬಿಳಿ.

ನನಗೆ ಎತ್ತರ ಕಂಡರೆ ತಲೆಸುತ್ತು, ಹೆಂಡತಿಗೆ ಮೊಣಕಾಲು ನೋವು. ಯಾವ ದಿಕ್ಕಿನಿಂದ ಸುತ್ತಿದರೆ ಒಳ್ಳೆಯದು?

ಹೆಚ್ಚಿನವರು ಮೊದಲು ಹಾಯ್‌ಬೆರ್ಗ್, ಆಮೇಲೆ ಓಬರ್‌ಬೆರ್ಗ್ಲಿ, ಅಲ್ಲಿಂದ ಉಂಟರ್‌ಬೆರ್ಗ್ಲಿಗೆ ಇಳಿದು ಸರೋವರ, ಹೀಗೆ ಸುತ್ತುತ್ತಾರೆ. ಏರು ನಿಧಾನವಾಗಿ ಬರುತ್ತದೆ, ನೋಟ ಬೇಗ ಸಿಗುತ್ತದೆ. ಆದರೆ ಓಬರ್‌ಬೆರ್ಗ್ಲಿಯಿಂದ ದಡಕ್ಕೆ ಸುಮಾರು 400 ಮೀಟರ್ ಇಳಿಯಬೇಕು. ಅದರಲ್ಲಿ ಉಂಟರ್‌ಬೆರ್ಗ್ಲಿವರೆಗಿನ ಮೊದಲ 200 ಮೀಟರ್ ಭಾರೀ ಕಡಿದು. ದಣಿದ ಮೊಣಕಾಲಿಗೆ ಇದಕ್ಕಿಂತ ಕೆಟ್ಟ ಜಾಗ ಈ ದಾರಿಯಲ್ಲಿ ಇನ್ನೊಂದಿಲ್ಲ.

ನಿಮ್ಮಿಬ್ಬರಿಗೆ ನಮ್ಮ ಸಲಹೆ ಉಲ್ಟಾ ಸುತ್ತು: ಮೊದಲು ಸರೋವರ, ಉಂಟರ್‌ಬೆರ್ಗ್ಲಿ, ಅಲ್ಲಿಂದ ಏರು, ಕೊನೆಗೆ ಹಾಯ್‌ಬೆರ್ಗ್ ಮೂಲಕ ಸಾವಕಾಶವಾಗಿ ನಿಲ್ದಾಣಕ್ಕೆ. ಕಡಿದಾದದ್ದನ್ನು ಹತ್ತುವಾಗ ಉಸಿರು ಕಟ್ಟುತ್ತದೆ, ಆದರೆ ಕಣ್ಣು ಎದುರಿನ ಮಣ್ಣಿನ ಮೇಲಿರುತ್ತದೆ, ಪಾತಾಳದ ಕಡೆಗಲ್ಲ. ಮೊಣಕಾಲಿಗೂ ಹೊಡೆತ ಕಡಿಮೆ. ಹಾಯ್‌ಬೆರ್ಗ್ ಸುತ್ತಮುತ್ತ ಒಂದು ಬದಿ ಬಯಲಾಗಿರುವುದು ಮಾತ್ರ ಯಾವ ದಿಕ್ಕಿನಲ್ಲಿ ಬಂದರೂ ತಪ್ಪದು. ಅಲ್ಲಿ ಬೆಟ್ಟದ ಬದಿಗೆ ಸರಿದು ನಡೆಯಿರಿ, ನೋಡಬೇಕೆನಿಸಿದರೆ ನಿಂತು ನೋಡಿ. ನಡೆಯುತ್ತ ನೋಡುವುದು, ಅದಕ್ಕಿಂತ ಹೆಚ್ಚಾಗಿ ನಡೆಯುತ್ತ ಮೊಬೈಲಿನಲ್ಲಿ ಹಿಡಿಯುವುದು, ಕಾಲು ತಪ್ಪಲು ನೇರ ದಾರಿ.

ಇಳಿಯಲೇಬೇಕಾದಾಗ ಹೆಜ್ಜೆ ಚಿಕ್ಕದಾಗಿರಲಿ. ಮೊಣಕಾಲು ತುಸು ಬಾಗಿರಲಿ, ಪೂರ್ತಿ ಪಾದ ಊರಲಿ. ಭಯಕ್ಕೆ ಹಿಂದಕ್ಕೆ ವಾಲಿ ಹಿಮ್ಮಡಿ ಮೇಲೆ ಭಾರ ಹಾಕುತ್ತೇವಲ್ಲ, ಸಡಿಲ ಜಲ್ಲಿಯಲ್ಲಿ ಜಾರುವುದು ಆಗಲೇ. ಕೋಲುಗಳನ್ನು ಇಳಿಯುವಾಗ ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿ, ಹೆಜ್ಜೆಗೂ ಮುಂಚೆ ಕೆಳಗೆ ಊರಿ. ಹೊರಡುವ ಮುನ್ನ ಶೂ ಲೇಸನ್ನು ಕಣಕಾಲಿನ ಬಳಿ ಬಿಗಿ ಮಾಡಿಕೊಳ್ಳಿ. ಇಲ್ಲದಿದ್ದರೆ ಬೆರಳು ಶೂ ತುದಿಗೆ ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತದೆ.

ಜೂನ್ ಮೊದಲ ವಾರ ಟಿಕೆಟ್ ಆಗಿದೆ. ದಾರಿ ತೆರೆದಿರುತ್ತದೆಯೇ?

ಸರೋವರ ಸಿಗುತ್ತದೆ, ಮೇಲಿನ ದಾರಿ ಸಿಗುತ್ತದೆಂದು ಹೇಳಲಾಗದು. ಇಳುಕಲು ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಹಿಮ ಬೇಗ ಕರಗುತ್ತದೆ, ನಿಜ. ಆದರೆ ಕೊರಕಲುಗಳಲ್ಲಿ ತೇಪೆಗಳಂತೆ ಉಳಿದುಬಿಡುತ್ತದೆ. ನೋಡಲು ಹತ್ತೇ ಹೆಜ್ಜೆ ಅಗಲ. ಬೆಳಿಗ್ಗೆ ಗಾಜಿನಂತೆ ಗಟ್ಟಿ, ಮಧ್ಯಾಹ್ನ ಮೇಲೆ ಮೆತ್ತಗೆ, ಕೆಳಗೆ ನೀರು ಕೊರೆದ ಟೊಳ್ಳು. ಕೆಳಗೆ ಕಡಿದಾಗಿದ್ದರೆ ಅದನ್ನು ದಾಟುವ ಸಾಹಸ ಬೇಡ. ತೇಪೆ ಕಂಡರೆ ಅಲ್ಲಿಂದಲೇ ವಾಪಸಾಗಿ, ಗೊಂಡೊಲಾದಿಂದ ಸರೋವರಕ್ಕೆ ಹೋಗುವ ಸುಲಭ ದಾರಿ ಹಿಡಿಯಿರಿ. ಜುಲೈನಿಂದ ಸೆಪ್ಟೆಂಬರ್ ನಂಬಿಕೆಯ ಕಾಲ. ವಸಂತದಲ್ಲೂ ಶರತ್ಕಾಲದಲ್ಲೂ ಗೊಂಡೊಲಾ ದುರಸ್ತಿಗೆಂದು ಕೆಲವು ವಾರ ನಿಲ್ಲುತ್ತದೆ, ಅದನ್ನೂ ನೋಡಿಕೊಳ್ಳಿ.

ಏನೇನು ಹೊರಬೇಕು?

ತಲೆಗೆ ಒಂದೂವರೆ ಲೀಟರ್ ನೀರು, ಬಿಸಿಲು ಜೋರಾಗಿದ್ದರೆ ಎರಡು. ಈ ದಾರಿಯಲ್ಲಿ ನೆರಳು ಕಡಿಮೆ. ದನ ಮೇಯುವ ಹುಲ್ಲುಗಾವಲಿನಿಂದ ಇಳಿದು ಬರುವ ತೊರೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಕುಡಿಯಬೇಡಿ. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ, ಅತಿನೇರಳೆ ಕಿರಣ ಹತ್ತು ಪ್ರತಿಶತಕ್ಕೂ ಹೆಚ್ಚು ಏರುತ್ತದೆ. ಚಳಿಯಾದಾಗ ಬಿಸಿಲು ಸುಡುವುದು ಗೊತ್ತೇ ಆಗದು, ಟೋಪಿ ಮತ್ತು ಕ್ರೀಮ್ ಇರಲಿ. ಮಳೆಯಂಗಿ, ಒಂದು ಬೆಚ್ಚಗಿನ ಅಂಗಿ, ಒಂದು ಸೀಟಿ. ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದೇ ಇಲ್ಲ.

ಮಗುವಿನ ತಳ್ಳುಗಾಡಿ?

ಮೇಲಿನ ದಾರಿಗೆ ಖಂಡಿತ ಬೇಡ. ಬೆನ್ನಿಗೆ ಕಟ್ಟುವ ಚೀಲವಾದರೂ ಓಬರ್‌ಬೆರ್ಗ್ಲಿ ಇಳಿತದಲ್ಲಿ ತೂಕ ಓಲಾಡಿಸುತ್ತದೆ.

ಮಧ್ಯದಾರಿಯಲ್ಲಿ ಗುಡುಗು ಶುರುವಾದರೆ?

ಬೇಸಿಗೆಯಲ್ಲಿ ಬಂಡೆಗಳು ಕಾದು ಗಾಳಿ ಮೇಲೇರಿ ಮೋಡ ಕಟ್ಟುವುದು ಮಧ್ಯಾಹ್ನದ ಮೇಲೆ. ಬೇಗ ಹೊರಡಿ ಎನ್ನುವುದಕ್ಕೆ ಇದು ಇನ್ನೊಂದು ಕಾರಣ. ಬಿಳಿ ಮೋಡ ಹೂಕೋಸಿನಂತೆ ಎತ್ತರಕ್ಕೆ ಉಬ್ಬುತ್ತ ಹೋದರೆ ಅದೇ ಮುನ್ಸೂಚನೆ. ಕಣಿವೆಯ ಸುತ್ತ ಗೋಡೆಗಳಿರುವುದರಿಂದ ಬರುವ ಮೋಡ ತಲೆಯ ಮೇಲೆ ಬರುವತನಕ ಕಾಣದೆಯೂ ಇರಬಹುದು. ಮಿಂಚಿಗೂ ಗುಡುಗಿಗೂ ನಡುವೆ ಸೆಕೆಂಡುಗಳನ್ನು ಎಣಿಸಿ, ಮೂರರಿಂದ ಭಾಗಿಸಿ. ಅಷ್ಟು ಕಿಲೋಮೀಟರ್ ದೂರ. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಅಪಾಯದ ಮೇರೆಯೊಳಗಿದ್ದೀರಿ. ಏಣು, ದಿಬ್ಬ, ಒಂಟಿ ಮರ, ತಂತಿ ಬೇಲಿ, ನೀರಿನ ಅಂಚು ಬಿಟ್ಟು ಕೆಳಗಿಳಿಯಿರಿ. ಹತ್ತಿರದ ಕಟ್ಟಡದೊಳಗೆ ಹೋದರೆ ಎಲ್ಲಕ್ಕಿಂತ ಒಳ್ಳೆಯದು. ಗುಂಪು ಒಟ್ಟಿಗೆ ಮುದುರಿ ಕೂರಬಾರದು, ನಡುವೆ ಕೆಲವು ಮೀಟರ್ ಅಂತರವಿರಲಿ.

ಪೆಟ್ಟಾದರೆ 112, ಅಥವಾ ರೇಗಾ ಹೆಲಿಕಾಪ್ಟರ್ ಸೇವೆಯ 1414. ಸಿಗ್ನಲ್ ಇಲ್ಲದಿದ್ದರೆ ಸೀಟಿ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ನಿಮಿಷಕ್ಕೆ ಮೂರು ಸಲ ಮರುದನಿ ಬಂದರೆ ಯಾರೋ ಕೇಳಿಸಿಕೊಂಡಿದ್ದಾರೆ. ಹೆಲಿಕಾಪ್ಟರ್ ಬಂದಾಗ ಎರಡೂ ಕೈ ಮೇಲೆತ್ತಿದರೆ ನೆರವು ಬೇಕು ಎಂದರ್ಥ. ನೋಡಿ ಖುಷಿಗೆ ಎರಡೂ ಕೈ ಬೀಸಬೇಡಿ ಮತ್ತೆ!

ದಾರಿಗೆ ಅಡ್ಡಲಾಗಿ ಹಸುಗಳು ನಿಂತಿದ್ದರೆ?

ದೂರದಿಂದಲೇ ಸುತ್ತಿಕೊಂಡು ಹೋಗಿ. ಕರುವಿರುವ ತಾಯಿಹಸುವಿನ ಹತ್ತಿರ ಹೋಗುವುದು, ಕರುವನ್ನು ಮುಟ್ಟುವುದು ಬೇಡವೇ ಬೇಡ. ತಲೆ ತಗ್ಗಿಸಿ ಬುಸುಗುಟ್ಟಿದರೆ ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಿರಿ. ತೆರೆದ ಗೇಟನ್ನು ಹಿಂದಿನಂತೆಯೇ ಮುಚ್ಚಿ. ಸಣ್ಣ ತಂತಿಯಲ್ಲಿ ಕರೆಂಟಿರುತ್ತದೆ, ಹಿಡಿಕೆಯನ್ನಷ್ಟೇ ಹಿಡಿಯಿರಿ.

ನೀರು ಅಷ್ಟು ನೀಲಿ ಏಕೆ? ಈಜಬಹುದೇ? ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ನಡೆಯುತ್ತಾರಂತೆ?

ಹಿಮನದಿ ಬಂಡೆಯನ್ನು ಅರೆದು ಮಾಡಿದ ಹಿಟ್ಟಿನಷ್ಟು ನುಣ್ಣನೆಯ ಪುಡಿ ತೊರೆಗಳ ಜತೆ ಬಂದು ನೀರಿನಲ್ಲಿ ತೇಲುತ್ತದೆ. ಕೆಂಪು ಬೆಳಕನ್ನು ನೀರೇ ಹೀರುತ್ತದೆ, ನೀಲಿ-ಹಸಿರನ್ನು ಈ ಪುಡಿ ಚದುರಿಸುತ್ತದೆ. ಹಾಯ್‌ಬೆರ್ಗ್‌ನಿಂದ ನೋಡುವಾಗ ನೀವು ದಕ್ಷಿಣಕ್ಕೆ ಮುಖ ಮಾಡಿರುತ್ತೀರಿ, ಎದುರಿನ ಡೋಲ್ಡನ್‌ಹಾರ್ನ್ ಗೋಡೆ ನೆರಳಿನಲ್ಲಿರುತ್ತದೆ. ಅದರ ಪೂರ್ವಕ್ಕಿರುವ ಬ್ಲೂಮ್ಲಿಸಾಲ್ಪ್ ಶಿಖರಗಳಿಗೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ.

ಈಜುವವರಿದ್ದಾರೆ, ಆದರೆ ಜಿಗಿಯಬೇಡಿ. ತಣ್ಣೀರು ತಾಕಿದ ಮೊದಲ ಒಂದೆರಡು ನಿಮಿಷ ಉಸಿರು ತಾನಾಗಿ ಏದುತ್ತದೆ, ಆ ಹೊತ್ತಿನಲ್ಲಿ ತಲೆ ಮುಳುಗಿದರೆ ನೀರೇ ಒಳಗೆ ಹೋಗುತ್ತದೆ. ಆಳ ಐವತ್ತು ಮೀಟರ್ ಮೀರುತ್ತದೆ.

ಇನ್ನು ಮಂಜುಗಡ್ಡೆ. ಹಳೆಯ ಭೂಕುಸಿತವೊಂದು ಕಟ್ಟಿದ ಅಣೆಕಟ್ಟಿನ ಹಿಂದೆ ನಿಂತ ಸರೋವರ ಇದು. ನೀರು ಹೊರಗೆ ಹೋಗುವುದು ಹೆಚ್ಚಾಗಿ ಆ ಕಲ್ಲುಮಣ್ಣಿನ ರಾಶಿಯೊಳಗಿಂದಲೇ. ಚಳಿಗಾಲದಲ್ಲಿ ಒಳಹರಿವು ತಗ್ಗಿದರೂ ಸೋರುವುದು ನಿಲ್ಲುವುದಿಲ್ಲ, ನೀರಿನ ಮಟ್ಟ ಇಳಿಯುತ್ತದೆ, ದಡಕ್ಕಂಟಿದ ಮಂಜುಗಡ್ಡೆ ಬಾಗಿ ಬಿರಿಯುತ್ತದೆ. ಹಾಗಾಗಿ ನಡುವೆ ಗಟ್ಟಿಯಿದ್ದರೂ ಅಂಚು ನಂಬುವಂತಿಲ್ಲ. ಸ್ಥಳೀಯ ಆಡಳಿತ ತೆರೆದಿದೆ ಎಂದು ಘೋಷಿಸಿದ ದಿನ, ಅವರು ಗುರುತಿಸಿದ ಜಾಗದಲ್ಲಿ ಮಾತ್ರ ಕಾಲಿಡಿ.

ನಕ್ಷೆಯಲ್ಲಿರುವ ಕೆಲವು ದಾರಿಗಳಿಗೆ ತಡೆ ಹಾಕಿದ್ದಾರಂತೆ. ಯಾಕೆ?

ಡೋಲ್ಡನ್‌ಹಾರ್ನ್ ಕೆಳಗಿನ ಷ್ಪಿಟ್ಸೆ ಷ್ಟೈ ಎಂಬ ಬಂಡೆಭಾಗ ಜಾರುತ್ತಿದೆ. ಅದರ ಚಲನೆಯನ್ನು ಉಪಕರಣ ಇಟ್ಟು ಅಳೆಯುತ್ತಿದ್ದಾರೆ. ಅದರ ಬುಡದಲ್ಲಿ ಬರುವ ದಾರಿಗಳನ್ನು ಮುಚ್ಚಿರುವುದು ಅದಕ್ಕೇ. ಹಾಯ್‌ಬೆರ್ಗ್ ದಾರಿ ಸರೋವರದ ಎದುರು ಬದಿಯದು, ಅದು ಬೇರೆ ಮಾತು. ಆದರೆ ಗೊಂಡೊಲಾ ತಪ್ಪಿದರೆ ನಡೆದು ಇಳಿದರಾಯಿತು ಎಂದುಕೊಂಡವರು ಆ ಇಳಿದಾರಿ ಅಂದು ತೆರೆದಿದೆಯೇ ಎಂದು ಬೆಳಿಗ್ಗೆಯೇ ಕೇಳಿಕೊಂಡಿರಬೇಕು. ಸರೋವರದಿಂದ ಊರಿಗೆ ಇಳಿಯುವುದು 400 ಮೀಟರ್, ಒಂದು ಗಂಟೆಗೂ ಮೇಲೆ, ಹೊತ್ತು ಮುಳುಗಿದರೆ ಟಾರ್ಚ್ ಬೇಕು. ತಡೆಯ ಹಗ್ಗದ ಆಚೆ ಹೆಜ್ಜೆಗುರುತುಗಳು ಕಾಣಬಹುದು. ಅವು ಹಗ್ಗ ಕಟ್ಟುವ ಮೊದಲಿನವೂ ಆಗಿರಬಹುದು.