ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಗೋಲ್ಡ್‌ಫಿಷ್ ಮೇಲೆ ಬಂದು ಬಾಯಿ ತೆರೆಯುತ್ತಿದೆ, ಎಲ್ಲಿ ತಪ್ಪಾಗುತ್ತಿದೆ?

ನೀವು ಬರೆದಿರುವುದು ಇಷ್ಟು. ಏಳು ವರ್ಷದ ಮಗಳ ಹುಟ್ಟುಹಬ್ಬಕ್ಕೆಂದು ಎರಡು ಗೋಲ್ಡ್‌ಫಿಷ್ ತಂದಿರಿ, ಒಂದು ಉದ್ದ ಮೈಯದು, ಒಂದು ದುಂಡು ಹೊಟ್ಟೆಯದು. ಅಂಗಡಿಯವರು ಐದು ಲೀಟರಿನ ಗಾಜಿನ ಬೌಲ್, ಒಂದು ಪೊಟ್ಟಣ ಕೆಂಪು ಕಾಳು, ಒಂದು ಸೀಸೆ ನೀಲಿ ಔಷಧಿ ಕೊಟ್ಟು ಕಳುಹಿಸಿದರು. ಎರಡು ದಿನಕ್ಕೊಮ್ಮೆ ಬೌಲನ್ನು ತಿಕ್ಕಿ ತೊಳೆದು ಬೆಂಗಳೂರಿನ ಕಾವೇರಿ ನೀರು ತುಂಬುತ್ತಿದ್ದೀರಿ. ಹಾಗಿದ್ದರೂ ಹತ್ತನೇ ದಿನದಿಂದ ದುಂಡು ಮೀನು ನೀರಿನ ಮೇಲ್ಮೈ ಬಿಟ್ಟು ಇಳಿಯುತ್ತಿಲ್ಲ.

ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಇವತ್ತು ರಾತ್ರಿಯ ಕೆಲಸ. ಮನೆಯಲ್ಲಿ ಸೋಪು, ಡಿಟರ್ಜೆಂಟ್ ತಾಗದ ದೊಡ್ಡ ಪ್ಲಾಸ್ಟಿಕ್ ಟಬ್ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಐವತ್ತು ಅರವತ್ತು ಲೀಟರಿನದೊಂದು ಹೊಸದನ್ನು ತನ್ನಿ. ಅಕ್ವೇರಿಯಂ ಅಂಗಡಿಯಲ್ಲಿ ಆ್ಯಂಟಿ ಕ್ಲೋರಿನ್ ಎಂದು ಕೇಳಿದರೆ ಹನಿಯ ರೂಪದಲ್ಲೋ ಹರಳಿನ ರೂಪದಲ್ಲೋ ಸಿಗುತ್ತದೆ. ಹೆಚ್ಚಿನವುಗಳಲ್ಲಿ ಇರುವುದು ಸೋಡಿಯಂ ಥಯೋಸಲ್ಫೇಟ್. ಅದರ ಮೇಲೆ ಬರೆದಷ್ಟೇ ಹಾಕಿ, ಟಬ್ಬಿಗೆ ನೀರು ತುಂಬಿ, ಒಂದು ಏರ್ ಪಂಪ್ ಇಟ್ಟು ಗುಳ್ಳೆ ಬರುವಂತೆ ಮಾಡಿ. ಮೀನುಗಳನ್ನು ಒಮ್ಮೆಲೇ ಎತ್ತಿ ಹಾಕಬೇಡಿ. ಬೌಲಿಗೆ ಟಬ್ಬಿನ ನೀರನ್ನು ಲೋಟ ಲೋಟವಾಗಿ ಅರ್ಧ ಗಂಟೆಯವರೆಗೆ ಬೆರೆಸಿ, ನಂತರ ಸಾಗಿಸಿ. ಎರಡು ದಿನ ಊಟ ಬೇಡ. ಆರೋಗ್ಯವಾಗಿರುವ ಗೋಲ್ಡ್‌ಫಿಷ್ ಒಂದು ವಾರ ಉಪವಾಸವಿದ್ದರೂ ಅದಕ್ಕೇನೂ ಆಗುವುದಿಲ್ಲ, ಮಗಳಿಗೆ ಇದನ್ನು ಧೈರ್ಯವಾಗಿ ಹೇಳಿ. ನೀಲಿ ಔಷಧಿಯನ್ನು ಎತ್ತಿಡಿ. ಸಾಮಾನ್ಯವಾಗಿ ಅದು ಮೆಥಿಲೀನ್ ಬ್ಲೂ ಆಗಿರುತ್ತದೆ. ಬೂಷ್ಟು ಹಿಡಿದ ಮೀನಿಗೆ ಅದು ಔಷಧಿ, ದಿನವೂ ಹಾಕುವಂಥದ್ದಲ್ಲ. ನಾನು ಮುಂದೆ ಹೇಳಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಅದು ಮಾರಕ.

ಈಗ ಕಾರಣ. ನಾನೂ ಇದೇ ದಾರಿಯಲ್ಲಿ ಎರಡು ಮೀನು ಕಳೆದುಕೊಂಡವಳು. 2013ರಲ್ಲಿ ಅಮ್ಮ ಮತ್ತು ನಾನು ಪ್ರತಿದಿನ ಬೆಳಿಗ್ಗೆ ದೇವರ ಪಾತ್ರೆ ಬೆಳಗಿದಷ್ಟೇ ಶ್ರದ್ಧೆಯಿಂದ ಆ ಬೌಲನ್ನು ಬೆಳಗುತ್ತಿದ್ದೆವು. ಕಲ್ಲುಗಳನ್ನು ಸಹ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಇಡುತ್ತಿದ್ದೆವು. ಹನ್ನೊಂದನೇ ದಿನ ಒಂದು, ಮೂರನೇ ವಾರ ಇನ್ನೊಂದು. ಆ ಬೆಳಗಿನ ದೃಶ್ಯ ಇನ್ನೂ ಕಣ್ಣಲ್ಲಿದೆ: ಹಿಂದಿನ ಗೋಡೆಯ ಕ್ಯಾಲೆಂಡರಿನ ಅಕ್ಷರ ಓದುವಷ್ಟು ತಿಳಿಯಾದ ನೀರು, ಅದರಲ್ಲಿ ಓರೆಯಾಗಿ ತೇಲುತ್ತಿದ್ದ ಮೀನು, ಅದರ ಕಿವಿರಿನ ಅಂಚು ಗಾಢ ಕೆಂಪು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಮ್ಮ ಮಹಡಿಯ ಮೇಲೆ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅವರ ಮನೆಯಲ್ಲಿ ಹಳೆಯದೊಂದು ಅಕ್ವೇರಿಯಂ ಇತ್ತು. ನಮ್ಮ ಕಥೆ ಕೇಳಿ ಅವರು ತಮ್ಮ ತೊಟ್ಟಿಯ ಫಿಲ್ಟರಿನಿಂದ ಸ್ಪಂಜನ್ನು ಎಳೆದು ಒಂದು ಮಗ್ಗಿನೊಳಗೆ ಹಿಂಡಿದರು. ಕಾಫಿ ಡಿಕಾಕ್ಷನ್ ಬಣ್ಣದ ನೀರು ಇಳಿಯಿತು. ಅಮ್ಮ ಮುಖ ಸಿಂಡರಿಸಿದರು. ಮೇಷ್ಟ್ರು ಹೇಳಿದ್ದು ಒಂದೇ ಮಾತು: "ಅಮ್ಮಾ, ನೀವು ದಿನಾ ಹೆಪ್ಪನ್ನು ತೊಳೆದು ಚರಂಡಿಗೆ ಚೆಲ್ಲಿ, ಮೊಸರು ಏಕೆ ಆಗಲಿಲ್ಲ ಎಂದು ಕೇಳುತ್ತಿದ್ದೀರಿ."

ಅಮ್ಮನಿಗೆ ಆ ಕ್ಷಣದಲ್ಲೇ ಅರ್ಥವಾಯಿತು. ನಿಮಗೂ ಅದೇ ಮಾತಿನಿಂದ ಹೇಳುತ್ತೇನೆ. ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯಾ ಹೊರಬರುತ್ತದೆ, ಹಿಕ್ಕೆಯೂ ಉಳಿದ ಆಹಾರವೂ ಕೊಳೆತು ಅದೇ ಆಗುತ್ತದೆ. ಅಮೋನಿಯಾಕ್ಕೆ ಬಣ್ಣವಿಲ್ಲ. ನೀರು ಎಷ್ಟು ತಿಳಿಯಾಗಿದ್ದರೂ ಅದರೊಳಗೆ ಅದು ಕಿವಿರನ್ನು ಸುಡುವಷ್ಟು ಇರಬಹುದು. ನೀರು ಬೆಚ್ಚಗಾದಷ್ಟೂ ಕ್ಷಾರೀಯವಾದಷ್ಟೂ ಅದರ ವಿಷ ಹೆಚ್ಚು. ಕೆರೆಯಲ್ಲಾಗಲಿ ಹಳೆಯ ತೊಟ್ಟಿಯಲ್ಲಾಗಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದನ್ನು ಮೀನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾಗಳೇ ಮೇಷ್ಟ್ರು ಹೇಳಿದ ಹೆಪ್ಪು. ಅವು ನೀರಿನಲ್ಲಿ ತೇಲಾಡುವುದು ಕಡಿಮೆ. ಸ್ಪಂಜು, ಕಲ್ಲು, ಗಾಜು ಇವುಗಳ ಮೇಲೆ ಅಂಟಿಕೊಂಡಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ತಾವಾಗಿಯೇ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಎರಡು ದಿನಕ್ಕೊಮ್ಮೆ ತಿಕ್ಕಿ ತೊಳೆದಾಗ, ಜೊತೆಗೆ ಕ್ಲೋರಿನ್ ಇರುವ ನಲ್ಲಿ ನೀರು ಸುರಿದಾಗ, ಪ್ರತಿ ಸಲವೂ ಮೊದಲ ದಿನಕ್ಕೇ ಮರಳುತ್ತೀರಿ. ಆ ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ. ಕಿವಿರು ಕೆಟ್ಟ ಮೀನು ಗಾಳಿಗಾಗಿ ಮೇಲೆ ಬರುತ್ತದೆ, ನೀವು ನೋಡುತ್ತಿರುವುದು ಬಹುತೇಕ ಅದನ್ನೇ.

ಆದ್ದರಿಂದ ಪರಿಚಯದವರಲ್ಲಿ ಯಾರ ಮನೆಯಲ್ಲಾದರೂ ಮೀನುಗಳು ವರ್ಷಗಟ್ಟಲೆ ಆರೋಗ್ಯವಾಗಿರುವ ತೊಟ್ಟಿ ಇದ್ದರೆ, ನಾಚಿಕೊಳ್ಳದೆ ಹೋಗಿ ಒಂದು ತುಂಡು ಹಳೆಯ ಸ್ಪಂಜು ಕೇಳಿ ತನ್ನಿ. ಅದನ್ನು ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ತರಬೇಕು, ಒಣಗಿದರೆ ಹೆಪ್ಪು ಸತ್ತಂತೆ. ನಿಮ್ಮ ಫಿಲ್ಟರಿನ (ಯಾವುದೆಂದು ಮುಂದೆ ಹೇಳುತ್ತೇನೆ) ಪಕ್ಕ ಇಟ್ಟರೆ ಆರು ವಾರದ ಕೆಲಸ ಎಷ್ಟೋ ಬೇಗ ಮುಗಿಯುತ್ತದೆ. ಮುಂದೆ ನಿಮ್ಮ ಸ್ಪಂಜಿಗೆ ಕೊಳೆ ಕಟ್ಟಿ ನೀರು ಹರಿಯುವುದು ನಿಧಾನವಾದಾಗ, ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಎರಡು ಮೂರು ಸಲ ಹಿಂಡಿ ವಾಪಸ್ ಹಾಕಿ. ನಲ್ಲಿಯ ಕೆಳಗೆ ಹಿಡಿಯಲೇಬೇಡಿ.

ಬೌಲಿನ ವಿಷಯದಲ್ಲಿ ನಾನು ಸ್ವಲ್ಪ ಖಾರವಾಗಿಯೇ ಮಾತನಾಡುತ್ತೇನೆ, ಕ್ಷಮಿಸಿ. ಅದನ್ನು ಮಾರಬಾರದು. ಇಟಲಿಯ ರೋಮ್ ನಗರ 2005ರಲ್ಲಿ ದುಂಡು ಬೌಲಿನಲ್ಲಿ ಗೋಲ್ಡ್‌ಫಿಷ್ ಸಾಕುವುದನ್ನೇ ನಿಷೇಧಿಸಿತು. ಗೋಲ್ಡ್‌ಫಿಷ್ ಎಂದರೆ ಪುಟ್ಟ ಆಟಿಕೆಯ ಮೀನು ಎಂಬ ಭಾವನೆ ನಮ್ಮಲ್ಲಿದೆ. ವಾಸ್ತವವಾಗಿ ಅದು ಗೆಂಡೆ ಮೀನಿನ ಬಳಗದ್ದು, ನಮ್ಮ ಕೆರೆಗಳ ಕಾಟ್ಲಾ, ರೋಹುಗಳ ದಾಯಾದಿ. ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿ ಬೂದು ಬಣ್ಣದ ಗೆಂಡೆಗಳ ನಡುವೆ ಅಪರೂಪಕ್ಕೆ ಹುಟ್ಟಿದ ಹೊಂಬಣ್ಣದ ಮರಿಗಳನ್ನು ಆರಿಸಿ ಕೊಳದಲ್ಲಿ ಸಾಕಿದ್ದರಿಂದ ಬಂದ ತಳಿ ಇದು. ನಿಮ್ಮ ಮನೆಯ ಉದ್ದ ಮೈಯ ಮೀನು ಚೆನ್ನಾಗಿ ಬೆಳೆದರೆ ಒಂದು ಅಡಿಯ ಹತ್ತಿರ ಬರಬಹುದು, ದುಂಡು ಹೊಟ್ಟೆಯದು ಆರೇಳು ಇಂಚು. ಸರಿಯಾಗಿ ಸಾಕಿದರೆ ಹತ್ತು ಹದಿನೈದು ವರ್ಷ ಬದುಕುತ್ತವೆ. ಇಂಗ್ಲೆಂಡಿನಲ್ಲಿ ಟಿಶ್ ಎಂಬ ಗೋಲ್ಡ್‌ಫಿಷ್ 43 ವರ್ಷ ಬದುಕಿ 1999ರಲ್ಲಿ ಸತ್ತಿತು. ಮಗಳ ಮದುವೆಯವರೆಗೂ ಇರಬಹುದಾದ ಪ್ರಾಣಿಯನ್ನು ಐದು ಲೀಟರಿನಲ್ಲಿ ಇಟ್ಟಿದ್ದೀರಿ ಎಂದರೆ ನಿಮಗೆ ನೋವಾಗಬಹುದು, ಆದರೆ ತಪ್ಪು ನಿಮ್ಮದಲ್ಲ, ನಿಮಗೆ ಹೇಳದೆ ಮಾರಿದವರದು.

ನಿಮ್ಮ ಎರಡು ಮೀನಿಗೆ ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ತನ್ನಿ. ಸುಮಾರು 120 ಲೀಟರ್ ಹಿಡಿಯುತ್ತದೆ. ಹಳೆಯ ತೊಟ್ಟಿ ಕಡಿಮೆ ಬೆಲೆಗೆ ಸಿಗುತ್ತದೆ, ಸೋರುತ್ತದೆಯೇ ಎಂದು ಬಾಲ್ಕನಿಯಲ್ಲಿ ಒಂದು ರಾತ್ರಿ ನೀರು ತುಂಬಿಟ್ಟು ನೋಡಿದರೆ ಸಾಕು. ಕೆಳಗೆ ಥರ್ಮಾಕೋಲ್ ಹಾಳೆ ಹಾಸಿ, ಕಬ್ಬಿಣದ ಸ್ಟ್ಯಾಂಡಿನ ಮೇಲಿಡಿ. ನೀರೇ 120 ಕಿಲೋ ತೂಗುತ್ತದೆ, ಟಿವಿ ಸ್ಟ್ಯಾಂಡನ್ನು ನಂಬಬೇಡಿ. ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಎರಡು ಹಾಕಿದರೆ ದುಬಾರಿ ಯಂತ್ರ ಬೇಡ. ಪಂಪನ್ನು ಮಾತ್ರ ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿದ್ದರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿದು ಬರುತ್ತದೆ. ಹೀಟರ್ ಬೇಡ. ಬೆಂಗಳೂರಿನ ಹವೆ ಈ ಮೀನಿಗೆ ಹೇಳಿ ಮಾಡಿಸಿದಂತಿದೆ. ಮಂಗಳೂರಿನಲ್ಲೋ ರಾಯಚೂರಿನಲ್ಲೋ ಇದ್ದಿದ್ದರೆ ಬೇಸಿಗೆಯ ಬಗ್ಗೆ ಬೇರೆ ಮಾತು ಹೇಳಬೇಕಿತ್ತು, ಏಕೆಂದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ.

ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ತೆಗೆದು, ಕ್ಲೋರಿನ್ ಕಳೆದ ನೀರನ್ನು ಹೆಚ್ಚು ಕಡಿಮೆ ಅದೇ ಬಿಸಿಯಲ್ಲಿ ತುಂಬಿ. ಹೆಪ್ಪು ಕೂಡುವವರೆಗೆ, ಅಂದರೆ ಮೊದಲ ಒಂದೂವರೆ ತಿಂಗಳು, ದಿನ ಬಿಟ್ಟು ದಿನ ಇದನ್ನೇ ಮಾಡಬೇಕಾಗಬಹುದು. ಆದರೆ ಗಾಜು, ಕಲ್ಲು, ಸ್ಪಂಜು ಮುಟ್ಟಬೇಡಿ. ಕುಡಿಯುವ ಆರ್‌ಒ ನೀರು ಹಾಕಬೇಕೇ ಎಂದು ಕೇಳಿದ್ದೀರಿ. ಬೇಡ, ಅದರಲ್ಲಿ ಖನಿಜ ಬಹಳ ಕಡಿಮೆ ಉಳಿದಿರುತ್ತದೆ. ನಮ್ಮ ಕೊಳವೆ ಬಾವಿಯ ಗಡಸು ನೀರನ್ನು ಗೋಲ್ಡ್‌ಫಿಷ್ ಸಂತೋಷವಾಗಿ ಒಪ್ಪಿಕೊಳ್ಳುತ್ತದೆ, ಬಳಸುವ ಮುನ್ನ ಒಂದು ರಾತ್ರಿ ಗಾಳಿಯಾಡಿಸಿ ಅಷ್ಟೇ. ತೆಗೆದ ನೀರನ್ನು ಕರಿಬೇವು, ಮಲ್ಲಿಗೆಯ ಬುಡಕ್ಕೆ ಹಾಕಿ ನೋಡಿ. ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ. ನಮ್ಮ ಮನೆಯ ಕರಿಬೇವು ಹಾಗೆಯೇ ಆಳೆತ್ತರ ಬೆಳೆದಿದೆ.

ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಳೆಯುವ ಹನಿಯ ಟೆಸ್ಟ್ ಕಿಟ್ಟಿಗೆ ಹಣ ಹಾಕಿ, ಆಟದ ಕೋಟೆ, ಬಣ್ಣದ ಕಲ್ಲಿಗೆ ಹಾಕುವ ಬದಲು. ಮೊದಲ ಎರಡು ಸೊನ್ನೆಯಲ್ಲಿರಬೇಕು, ಮೂರನೆಯದು 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ) ದಾಟಬಾರದು. ಅಮೋನಿಯಾದ ಸೀಸೆಯಲ್ಲಿ ನೀರು ಹಳದಿಯಾಗಿ ಉಳಿದರೆ ಕ್ಷೇಮ, ಹಸಿರಿಗೆ ತಿರುಗಿದರೆ ಆ ದಿನವೇ ನೀರು ಬದಲಿಸಿ. ನಿಮ್ಮ ಮಗಳಿಗೆ ಇದನ್ನು ಕಲಿಸಿ. ನನ್ನ ಅಕ್ಕನ ಮಗ ಎಂಟನೇ ವಯಸ್ಸಿಗೆ ಅಂಕಿ ಬರೆದಿಡುವ ನೋಟ್‌ಪುಸ್ತಕವನ್ನೇ ಇಟ್ಟುಕೊಂಡಿದ್ದ.

ಊಟದ ವಿಷಯದಲ್ಲಿ ಮಕ್ಕಳ ಕೈ ಧಾರಾಳ. ಗೋಲ್ಡ್‌ಫಿಷ್‌ಗೆ ಜಠರವೇ ಇಲ್ಲ, ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಆದ್ದರಿಂದ ಎಷ್ಟು ಕೊಟ್ಟರೂ ಇನ್ನೂ ಹುಡುಕುತ್ತದೆ, ಅದು ಹಸಿವಿನ ಅಳತೆಯಾಗುವುದಿಲ್ಲ. ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ಮುಗಿಸುವಷ್ಟು. ನಾವು ಅಜ್ಜಿಯರು ಮಾತ್ರೆ ಇಟ್ಟುಕೊಳ್ಳುವ ಏಳು ಗೂಡಿನ ಡಬ್ಬಿ ತಂದಿದ್ದೆವು. ಭಾನುವಾರ ಅಮ್ಮ ಏಳು ದಿನದ ಕಾಳು ಎಣಿಸಿ ತುಂಬಿಡುತ್ತಿದ್ದರು, ಗೂಡು ಖಾಲಿಯಾದರೆ ಆ ದಿನದ ಊಟ ಮುಗಿಯಿತು. ಯಾರು ಹಾಕಿದರು, ಯಾರು ಹಾಕಲಿಲ್ಲ ಎಂಬ ಗೊಂದಲವೂ ಇಲ್ಲ. ಕಾಳನ್ನು ನೀರಿನಲ್ಲಿ ಒಂದು ನಿಮಿಷ ನೆನೆಸಿ ಹಾಕಿ. ತೇಲುವ ಒಣ ಕಾಳಿನ ಜೊತೆ ದುಂಡು ಮೀನುಗಳು ಗಾಳಿ ನುಂಗಿ ತಲೆಕೆಳಗಾಗುವುದುಂಟು. ವಾರಕ್ಕೊಮ್ಮೆ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿ ಒಂದು ಕಾಳು ಹಿಸುಕಿ ಕೊಡಿ. ನಿಮ್ಮ ಉದ್ದ ಮೈಯ ಮೀನು ಚುರುಕು, ದುಂಡು ಮೀನಿನ ಪಾಲನ್ನೂ ಅದೇ ಕಬಳಿಸುತ್ತಿರಬಹುದು. ತೊಟ್ಟಿಯ ಎರಡು ತುದಿಯಲ್ಲಿ ಹಾಕಿ.

ಬೆಂಗಳೂರಿನ ಮನೆಗಳಲ್ಲಿ ಮೀನು ಸಾಯುವ ಇನ್ನೊಂದು ಕಾರಣ ಯಾರೂ ಹೇಳುವುದಿಲ್ಲ: ಸೊಳ್ಳೆಯ ಔಷಧಿ. ಮ್ಯಾಟ್, ಲಿಕ್ವಿಡ್, ಜಿರಳೆ ಸ್ಪ್ರೇ, ಇವುಗಳಲ್ಲಿ ಇರುವ ಪೈರಿಥ್ರಾಯ್ಡ್ ಬಗೆಯ ಕೀಟನಾಶಕ ನಮಗೆ ಅಷ್ಟಾಗಿ ತಾಗದಿದ್ದರೂ ಮೀನಿಗೆ ಘೋರ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಹೀರಿ ನೀರಿಗೆ ಊದುತ್ತದೆ ಎಂಬುದು ನೆನಪಿರಲಿ. ತೊಟ್ಟಿ ಇರುವ ಕೋಣೆಯಲ್ಲಿ ಅವು ಬೇಡ, ಸೊಳ್ಳೆ ಪರದೆ ಕಟ್ಟಿ.

ಅಂಗಡಿಯವರು ತೊಟ್ಟಿ ಶುಚಿ ಮಾಡುತ್ತದೆ ಎಂದು ಕಪ್ಪು ಸಕ್ಕರ್ ಮೀನನ್ನು ಕೊಡಲು ಬರುತ್ತಾರೆ, ತರಬೇಡಿ. ಅದು ರಾತ್ರಿ ಗೋಲ್ಡ್‌ಫಿಷ್‌ನ ಮೈಗೆ ಅಂಟಿಕೊಂಡು ಲೋಳೆಯನ್ನು ಹೀರುವುದುಂಟು. ಸಾಕಲು ಆಗದಿದ್ದರೆ ಹತ್ತಿರದ ಕೆರೆಗೆ ಬಿಡೋಣ ಎಂದು ನಿಮ್ಮ ಮನೆಯವರು ಹೇಳಿದ್ದಾರೆಂದು ಬರೆದಿದ್ದೀರಿ. ಅದು ಪುಣ್ಯದ ಕೆಲಸವಲ್ಲ. 2021ರಲ್ಲಿ ಅಮೆರಿಕದ ಮಿನ್ನೆಸೋಟಾದ ಬರ್ನ್ಸ್‌ವಿಲ್ ನಗರದಲ್ಲಿ, ಜನ ಕೆರೆಗೆ ಬಿಟ್ಟಿದ್ದ ಗೋಲ್ಡ್‌ಫಿಷ್‌ಗಳು ಚೆಂಡಿನಷ್ಟು ದಪ್ಪಗೆ ಬೆಳೆದು ತಳದ ಕೆಸರು ಕಲಕಿ ಗಿಡಗಳನ್ನು ಕೀಳುತ್ತಿದ್ದವು. ಹೀಗೆ ಬಿಡಬೇಡಿ ಎಂದು ಅಲ್ಲಿನ ಆಡಳಿತ ಜನರನ್ನು ಬೇಡಿಕೊಂಡಿತು. ಕೈಲಾಗದಿದ್ದರೆ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ, ತೆಗೆದುಕೊಳ್ಳುವವರು ಖಂಡಿತ ಸಿಗುತ್ತಾರೆ.

ಮೇಷ್ಟ್ರು ಕೊಟ್ಟ ಸ್ಪಂಜಿನ ತುಂಡಿನಿಂದ 2014ರಲ್ಲಿ ಶುರುವಾದ ತೊಟ್ಟಿ ನಮ್ಮ ಹಜಾರದಲ್ಲಿ ಇನ್ನೂ ಇದೆ. ಆಗ ಹೆಬ್ಬೆರಳಿನಷ್ಟಿದ್ದ ಒರಾಂಡಾ ಎಂಬ ದುಂಡು ತಳಿಯ ಗೋಲ್ಡ್‌ಫಿಷ್ ಈಗ ನನ್ನ ಅಂಗೈ ತುಂಬುತ್ತದೆ, ತಲೆಯ ಮೇಲೆ ರಾಸ್ಪ್‌ಬೆರಿ ಹಣ್ಣಿನಂಥ ಕೆಂಪು ಟೊಪ್ಪಿಗೆ. ಅಮ್ಮನ ಕೋಲಿನ ಸದ್ದು ಕೇಳಿದರೆ ಗಾಜಿನ ಆ ಮೂಲೆಗೇ ಬರುತ್ತದೆ, ನಾನು ಹೋದರೆ ಬರುವುದಿಲ್ಲ.

ನಾಳೆ ಸಂಜೆ ದುಂಡು ಮೀನು ಹೇಗಿದೆ ಎಂದು ಇಲ್ಲಿಯೇ ಬರೆಯಿರಿ. ಟಬ್ಬಿನ ಅಳತೆ, ಅಮೋನಿಯಾ ಮತ್ತು ನೈಟ್ರೈಟಿನ ಅಂಕಿ ಎರಡೂ ಬೇಕು. ನೈಟ್ರೈಟ್ ಕಂಡುಬಂದರೆ ಹತ್ತು ಲೀಟರಿಗೆ ಹತ್ತು ಗ್ರಾಂ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ನಿಧಾನವಾಗಿ ಸೇರಿಸಿ, ಉಪ್ಪಿನ ಕ್ಲೋರೈಡ್ ಇದ್ದರೆ ನೈಟ್ರೈಟ್ ಕಿವಿರಿನೊಳಗೆ ನುಗ್ಗುವುದು ಕಡಿಮೆಯಾಗುತ್ತದೆ. ಆ ನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ.