ಆರುನೂರು ಹೂವು, ಒಂದೂ ಮಾತಿಲ್ಲ

ಆಪ್ತಸಲಹೆಗೆಂದು ನನ್ನ ಬಳಿ ಬಂದವಳ ಹೆಸರು, ವಯಸ್ಸು ಬದಲಿಸಿದ್ದೇನೆ, ಊರು ಮರೆಸಿದ್ದೇನೆ. ಬೆಳೆಯನ್ನೂ ಬದಲಿಸಬೇಕೆಂದಿದ್ದೆ, ಆದರೆ ಕಡಲೆ ಬಿಟ್ಟರೆ ಈ ಪ್ರಕರಣದಲ್ಲಿ ಉಳಿಯುವುದೇ ಕಡಿಮೆ. "ಇರಲಿ ಬಿಡ್ರಿ ಮೇಡಂ, ಕಡಲಿ ಮ್ಯಾಲ ಕೆಲಸಾ ಮಾಡೋರು ನಾ ಒಬ್ಬಾಕಿನ ಏನ್ರಿ" ಎಂದು ಆಕೆಯೇ ಒಪ್ಪಿಗೆ ಕೊಟ್ಟಳು. ನೀಲಾ ಎಂದಿಟ್ಟುಕೊಳ್ಳೋಣ.

ಮಿರಗದ ಮಳೆ ಹಿಡಿದಿದ್ದ ಜೂನ್‌ನಲ್ಲಿ ಧಾರವಾಡದ ನನ್ನ ಕೋಣೆಗೆ ಬಂದಾಗ ಅವಳಿಗೆ 27. ಸಸ್ಯತಳಿ ವಿಭಾಗದಲ್ಲಿ ಪಿಎಚ್‌ಡಿ, ಎರಡನೆಯ ವರ್ಷ. ಹಾವೇರಿ ಜಿಲ್ಲೆಯ ರೈತರ ಮನೆ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ನಿದ್ದೆಯಿಲ್ಲ, ಊಟ ಸೇರದು, ಫೋನಿನಲ್ಲಿ ಗೈಡ್ ಹೆಸರು ಮೂಡಿದರೆ ಎದೆ ಡವಗುಟ್ಟುತ್ತದೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದಳು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವಳ ಫೋನಿನಲ್ಲಿ ಬರೆಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು, ಕಾಸು ಬೇಡ.

ಮೊದಲ ಭೇಟಿಯಲ್ಲಿ ನಾನು ಎಡವಿದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಸಾಲದೆಂಬಂತೆ, ಮೆಕ್ಕೆಜೋಳದಲ್ಲಿ ಜಿಗಿಯುವ ಜೀನುಗಳನ್ನು ಕಂಡುಹಿಡಿದ ಬಾರ್ಬರಾ ಮೆಕ್ಲಿಂಟಾಕ್‌ಗೆ ನೊಬೆಲ್ ಬಂದದ್ದು 1983ರಲ್ಲಿ, 81ರ ವಯಸ್ಸಿನಲ್ಲಿ ಎಂದು ಸಮಾಧಾನ ಹೇಳಿದೆ. ನೀಲಾ ನನ್ನನ್ನೇ ನೋಡಿದಳು. "ಅಲ್ಲೀತನಕಾ ಕಾಯಬೇಕೇನ್ರಿ?"

ಎರಡನೆಯ ಸಲ ಹೊಲದ ನೋಟ್‌ಬುಕ್ ತರಲು ಹೇಳಿದೆ. ಮಾತು ಬಿಚ್ಚಿಕೊಂಡದ್ದು ಅಲ್ಲಿ. ಸೊರಗು ರೋಗ ತಡೆಯುವ ಕಡಲೆ ತಳಿ ಅವಳ ವಿಷಯ. ಆ ರೋಗದ ಶಿಲೀಂಧ್ರ ಕಡಲೆ ಬಿತ್ತದಿದ್ದರೂ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ಹಾಗಾಗಿ ತಳಿಯಲ್ಲೇ ತಡೆಯುವ ಶಕ್ತಿ ಬೇಕು. ಕಡಲೆ ಹೂವು ಅರಳುವ ಮೊದಲೇ ತನ್ನಲ್ಲೇ ಪರಾಗ ಚೆಲ್ಲಿಕೊಳ್ಳುತ್ತದೆ. ಆದ್ದರಿಂದ ಮೊಗ್ಗಿರುವಾಗಲೇ ಚಿಮಟದಿಂದ ಬಿಡಿಸಿ, ಹತ್ತು ಕೇಸರಗಳನ್ನು ಕಿತ್ತು, ಬೇರೆ ತಳಿಯ ಪರಾಗ ಮುಟ್ಟಿಸಿ, ದಾರ ಕಟ್ಟಬೇಕು. ಬಹಳಷ್ಟು ಉದುರಿಹೋಗುತ್ತವೆ, ನಿಂತ ಕಾಯಿಯೊಳಗೆ ಒಂದೋ ಎರಡೋ ಕಾಳು. ನೋಟ್‌ಬುಕ್‌ ಪ್ರಕಾರ 612 ಹೂವುಗಳಿಗೆ ಹೀಗೆ ಮಾಡಿದ್ದಳು, 90 ಕಾಯಿ ನಿಂತಿದ್ದವು. ಗೈಡ್ ನೋಡಿ ಅಂದದ್ದು ಇಷ್ಟು: "ಪರ್ಸಂಟೇಜ್ ಕಮ್ಮಿ ಆತು." ಇದು ಹಿಂಗಾರಿ ಬೆಳೆ. ಅಕ್ಟೋಬರ್‌ನಲ್ಲಿ ಬಿತ್ತಿದರೆ ಫೆಬ್ರವರಿ ಹೊತ್ತಿಗೆ ಮುಗಿಯಿತು, ಮತ್ತೆ ಹೊಲಕ್ಕಿಳಿಯುವುದು ಮುಂದಿನ ಅಕ್ಟೋಬರ್‌ಗೆ. ಲ್ಯಾಬಿನ ಗೆಳತಿ ಕೆಟ್ಟ ಪ್ರಯೋಗವನ್ನು ವಾರದೊಳಗೆ ಮತ್ತೆ ಮಾಡುತ್ತಾಳೆ. ಇವಳಿಗೆ ಒಂದು ತಪ್ಪೆಂದರೆ ಒಂದು ವರ್ಷ.

ಜನವರಿಯ ಕ್ಷೇತ್ರೋತ್ಸವದಲ್ಲಿ ಅವಳ ಪ್ಲಾಟಿನ ಮುಂದೆ ರೈತರಿಗೆ ವಿವರಿಸಿದವರು ಗೈಡ್. ಬೋರ್ಡಿನಲ್ಲಿ ಅವಳ ಹೆಸರಿರಲಿಲ್ಲ. ಅವಳು ಮಜ್ಜಿಗೆ ಹಂಚುತ್ತಿದ್ದಳು.

ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಹೇಳಿದಳು: ಐದು ತಿಂಗಳಿಂದ ಫೆಲೋಶಿಪ್ ಬಂದಿಲ್ಲ. ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) 2023ರಿಂದ ತಿಂಗಳಿಗೆ 37,000 ರೂಪಾಯಿ. ಕಾಗದದ ಮೇಲೆ ಚೆನ್ನಾಗಿದೆ. ಮೆಸ್ ಬಿಲ್ಲು ಅಣ್ಣನ ಸಾಲದಿಂದ ನಡೆದಿತ್ತು. ಮುಖ್ಯವಾದದ್ದನ್ನು ಜನ ಬಾಗಿಲಲ್ಲೇ ಹೇಳುತ್ತಾರೆ.

ನಾನು ಮೊದಲು ಹಿಡಿದದ್ದು ಅದನ್ನೇ. ಸಂಬಳ ಬಾರದವಳ ನಿದ್ದೆಗೇಡಿಗೆ ಆಪ್ತಸಲಹೆ ಮದ್ದಲ್ಲ. ತಿಂಗಳುವಾರು ಬಾಕಿ ಬರೆದು ಅರ್ಜಿ ಕೊಡಿ, ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ, ಹದಿನೈದು ದಿನಕ್ಕೊಮ್ಮೆ ಹೋಗಿ ಕೇಳಿ ಎಂದೆ. ಗೈಡ್ ಬಳಿ ಹೊಗಳಿಕೆ ಕೇಳಬೇಡಿ, ಕೇಳಿದರೂ ಸಿಗುವುದಿಲ್ಲ. ತಿಂಗಳಿಗೆ ಅರ್ಧ ಗಂಟೆ ಕೇಳಿ, ಎರಡೇ ಪ್ರಶ್ನೆ ಹಿಡಿದು ಹೋಗಿ: ಯಾವುದು ಸರಿಬಂದಿದೆ, ಮುಂದಿನ ಹಂಗಾಮಿಗೆ ಏನು ಬದಲಿಸಲಿ? ಅದನ್ನು ನನ್ನ ಕೋಣೆಯಲ್ಲೇ ಮೂರು ಸಲ ಅಭ್ಯಾಸ ಮಾಡಿಸಿದೆ. ಗೈಡ್ ಪಾತ್ರ ನನ್ನದು. ಸ್ವಲ್ಪ ಜೋರಾಗಿಯೇ ಮಾಡಿದೆ. ಬೋರ್ಡಿನಲ್ಲಿ ಹೆಸರು ಬೇಕೆಂದರೆ ಅದು ಬರೆಯುವ ಮೊದಲೇ ಹೇಳಬೇಕು, ಆಮೇಲೆ ಅತ್ತು ಫಲವಿಲ್ಲ.

ಇನ್ನೊಂದು ಸಲಹೆ ನಮ್ಮ ಸೀಮೆಯದು. ಇಲ್ಲಿಯವರು ರಾಶಿ ಆಗುವತನಕ ಕಾಯುವುದಿಲ್ಲ. ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆಗೆ), ಪೈರು ಇನ್ನೂ ಹೊಲದಲ್ಲಿ ನಿಂತಿರುವಾಗಲೇ, ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಹೊಲಕ್ಕೆ ನೈವೇದ್ಯ ಎರಚುತ್ತಾರೆ. ಥೀಸಿಸ್ ಎಂಬ ರಾಶಿಗೆ ಇನ್ನೂ ಮೂರು ವರ್ಷ ಇರುವಾಗ ನೀವ್ಯಾಕೆ ಉಪವಾಸ ಕೂತಿದ್ದೀರಿ, ಈ ಸಲ ಅವ್ವನನ್ನು ನಿಮ್ಮ ಪ್ಲಾಟಿಗೇ ಕರೆಸಿ ಎಂದೆ. "ಅವ್ವಗ ಏನ್ ತಿಳೀತೈತ್ರಿ" ಎಂದಳು.

ಡಿಸೆಂಬರ್‌ನಲ್ಲಿ ಅವ್ವ ಬಂದರು, ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ ಕಟ್ಟಿಕೊಂಡು. ನೀಲಾ ಮರೆತೇಬಿಟ್ಟಿದ್ದ ಸಂಗತಿ ಒಂದಿತ್ತು. ರಾಣೆಬೆನ್ನೂರು ಸುತ್ತಿನ ಬೀಜದ ಹತ್ತಿ ಹೊಲಗಳಲ್ಲಿ ಅವ್ವ ಹರೆಯದಲ್ಲಿ ಕ್ರಾಸಿಂಗ್ ಕೂಲಿ ಮಾಡಿದವರು: ಸಂಜೆ ಮೊಗ್ಗು ಬಿಡಿಸುವುದು, ಮುಂಜಾನೆ ಗಂಡು ಹೂವು ಮುಟ್ಟಿಸುವುದು. ದಾರ ಕಟ್ಟಿದ ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಮೊಗ್ಗನ್ನು ಬೆರಳ ತುದಿಯಲ್ಲಿ ಹಿಡಿದರಂತೆ. "ಹತ್ತಿ ಮೊಗ್ಗು ಹೆಬ್ಬಟ್ಟಿನಷ್ಟ ಇರತಿತ್ತು, ಉಗುರಿಲೆ ಚೂಟತಿದ್ವಿ. ಇದು ಜ್ವಾಳದ ಕಾಳಿನಷ್ಟ ಐತಲ್ಲವಾ! ಆರನೂರು ಒಬ್ಬಾಕಿನ ಮಾಡಿದೇನು?"

ಆಮೇಲೆ ಬುತ್ತಿ ಬಿಚ್ಚುತ್ತ ಕೇಳಿದರಂತೆ: "ನಮಗ ಸಂತಿ ದಿನಾ ಬಟವಾಡಿ ತಪ್ಪತಿರಲಿಲ್ಲ. ನಿನಗ ಯಾವಾಗ ಕೊಡತಾರ?"

ಇದನ್ನು ಹೇಳುವಾಗ ನೀಲಾ ನನ್ನ ಕೋಣೆಯಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕಳು. ಎರಡು ತಿಂಗಳ ಬಾಕಿ ಇನ್ನೂ ಬಂದಿರಲಿಲ್ಲ.