ಊರು ಬಿಟ್ಟ ಮೇಲೂ ಕಾಲೇಜಿನ ತಂಡ

ಪ್ರಶ್ನೆ: ನನ್ನೂರು ತುಮಕೂರು. ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದಿ, 2024ರ ಬೇಸಿಗೆಯಲ್ಲಿ ಕೆಲಸದ ನಿಮಿತ್ತ ಸಿಯಾಟಲ್‌ಗೆ ಬಂದೆ. ಪರ್ಡ್ಯೂನಲ್ಲಿದ್ದಾಗ ಅಲ್ಲಿನ ಮ್ಯಾಕಿ ಅರೀನಾದಲ್ಲಿ ನಡೆಯುವ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ಗೆಳತಿಯರೊಂದಿಗೆ ನಿಂತುಕೊಂಡೇ ನೋಡುತ್ತಿದ್ದೆ. ಇಲ್ಲಿ ಪಂದ್ಯ ಯಾವ ವಾಹಿನಿಯಲ್ಲಿದೆ ಎಂದು ಹುಡುಕುವಷ್ಟರಲ್ಲಿ ಮೊದಲರ್ಧ ಮುಗಿದಿರುತ್ತದೆ. ಒಂದೊಂದು ಪಂದ್ಯಕ್ಕೆ ಒಂದೊಂದು ಚಂದಾ ಕೇಳುತ್ತಾರೆ. ‘ಎರಡು ವರ್ಷ ಓದಿದ ಕಾಲೇಜಿಗೆ ಇಷ್ಟೊಂದು ಹಚ್ಚಿಕೊಳ್ಳುವುದೇ?’ ಎಂದು ಮನೆಯವರು ಕೇಳುತ್ತಾರೆ. ದಯವಿಟ್ಟು ದಾರಿ ತಿಳಿಸಿ.
— ಓದುಗರೊಬ್ಬರು, ಸಿಯಾಟಲ್

ಉತ್ತರ: ಮೊದಲು ನಿಮ್ಮ ಮನೆಯವರ ಮಾತಿಗೆ ಉತ್ತರಿಸುತ್ತೇನೆ. ನೀವು ಅಲ್ಲಿದ್ದ ಎರಡು ವರ್ಷಗಳು ಆ ತಂಡದ ಪಾಲಿಗೆ ಸಾಮಾನ್ಯವಾದವುಗಳಲ್ಲ. 2023ರ ಮಾರ್ಚ್‌ನಲ್ಲಿ ಅಗ್ರ ಶ್ರೇಯಾಂಕದ ಪರ್ಡ್ಯೂ ತಂಡವು ಹದಿನಾರನೆಯ, ಅಂದರೆ ಕೊನೆಯ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್ ಎದುರು 63–58ರಿಂದ ಸೋತಿತು. ಪುರುಷರ ರಾಷ್ಟ್ರೀಯ ಟೂರ್ನಿಯಲ್ಲಿ ಅಂಥ ಸೋಲು ಅದಕ್ಕೆ ಮುನ್ನ ಒಮ್ಮೆ ಮಾತ್ರ ಆಗಿತ್ತು. ಮರುವರ್ಷ ಅದೇ ತರಬೇತುದಾರ ಮ್ಯಾಟ್ ಪೇಂಟರ್ ಮತ್ತು ಎತ್ತರದ ನಿಲುವಿನ ಅದೇ ಆಟಗಾರ ಜಾಕ್ ಈಡಿ ಅವರೊಂದಿಗೆ ತಂಡವು 1980ರ ಬಳಿಕ ಮೊದಲ ಬಾರಿಗೆ ಕೊನೆಯ ನಾಲ್ಕರ ಘಟ್ಟವನ್ನು ತಲುಪಿ, ಏಪ್ರಿಲ್ 8ರಂದು ಅರಿಜೋನಾದಲ್ಲಿ ನಡೆದ ಫೈನಲ್‌ನಲ್ಲಿ ಕನೆಕ್ಟಿಕಟ್‌ಗೆ 75–60ರಿಂದ ಮಣಿಯಿತು. ಅಂದು ಪರ್ಡ್ಯೂ ಗಳಿಸಿದ 60 ಅಂಕಗಳಲ್ಲಿ 37 ಈಡಿ ಒಬ್ಬರವೇ. ಆ ಅವಮಾನವನ್ನೂ ಆ ಏಳಿಗೆಯನ್ನೂ ಕಣ್ಣಾರೆ ಕಂಡವರಿಗೆ ತಂಡದ ಮೇಲೆ ತವರಿನಂಥ ಅಕ್ಕರೆ ಹುಟ್ಟಿದರೆ ಅದರಲ್ಲಿ ಅತಿಯೆಂಬುದೇನೂ ಇಲ್ಲ. ತವರಿನಲ್ಲಿ ಎಷ್ಟು ವರ್ಷ ಇದ್ದೆವೆಂದು ಯಾರೂ ಲೆಕ್ಕ ಹಾಕುವುದಿಲ್ಲ.

ಇನ್ನು ವಾಹಿನಿಗಳ ಗೊಂದಲ. ಅಮೆರಿಕನ್ ಶೈಲಿಯ ಕಾಲೇಜು ಫುಟ್‌ಬಾಲಿನ ಪ್ರಸಾರವನ್ನು ಒಂದು ಕಾಲದಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ಒಂದೇ ನಿಯಂತ್ರಿಸುತ್ತಿದ್ದುದರಿಂದ, ವಾರಕ್ಕೆ ಕೆಲವೇ ಪಂದ್ಯಗಳು ಟಿ.ವಿ.ಯಲ್ಲಿ ಬರುತ್ತಿದ್ದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಹಿಡಿತವನ್ನು ತಪ್ಪಿಸಿತು. ಅಂದಿನಿಂದ, ತಮ್ಮತಮ್ಮಲ್ಲಿ ಪಂದ್ಯಗಳನ್ನಾಡುವ ವಿಶ್ವವಿದ್ಯಾಲಯಗಳ ಕೂಟಗಳು ತಮ್ಮ ಹಕ್ಕುಗಳನ್ನು ತಾವೇ ಮಾರುತ್ತ ಬಂದು, ಪಂದ್ಯಗಳು ಹೇರಳವಾದವು, ಹಾಗೆಯೇ ಹತ್ತಾರು ಕಡೆ ಹಂಚಿಹೋದವು. ಹುಡುಕುವಾಗ ಒಂದು ಸೂತ್ರವನ್ನು ನೆನಪಿಡಿ: ಸಾಮಾನ್ಯವಾಗಿ ಪ್ರಸಾರದ ಹಕ್ಕು ಪಂದ್ಯ ಯಾರ ನೆಲದಲ್ಲಿ ನಡೆಯುತ್ತದೆಯೋ ಆ ತಂಡದ ಕೂಟಕ್ಕೆ ಸೇರಿರುತ್ತದೆ. ಪರ್ಡ್ಯೂ ಸದಸ್ಯವಾಗಿರುವ ಬಿಗ್ ಟೆನ್ ಕೂಟದ ಪಂದ್ಯಗಳು ಫಾಕ್ಸ್, ಸಿಬಿಎಸ್, ಎನ್‌ಬಿಸಿ, ಅದರ ಅಂತರ್ಜಾಲ ಸೇವೆಯಾದ ಪೀಕಾಕ್ ಮತ್ತು 2007ರಲ್ಲಿ ಆರಂಭವಾದ ಕೂಟದ ಸ್ವಂತ ವಾಹಿನಿಯಾದ ಬಿಗ್ ಟೆನ್ ನೆಟ್‌ವರ್ಕ್‌ಗಳಲ್ಲಿ ಬರುತ್ತವೆ. ನಿಮ್ಮ ತಂಡ ಬೇರೆ ಕೂಟದವರ ಊರಿಗೆ ಹೋದಾಗ ಆ ಕೂಟದ ವಾಹಿನಿಯನ್ನು ನೋಡಬೇಕಾಗುತ್ತದೆ. ಮೊದಲ ಮೂರು ವಾಹಿನಿಗಳು ಕಿಟಕಿಯ ಬಳಿ ಇಟ್ಟ ಸಾಧಾರಣ ಆಂಟೆನಾಕ್ಕೂ ಚಂದಾ ಇಲ್ಲದೆ ಸಿಗುತ್ತವೆ. ಆದ್ದರಿಂದ ವರ್ಷವಿಡೀ ಎಲ್ಲ ಚಂದಾಗಳನ್ನೂ ಕಟ್ಟಬೇಡಿ. ವೇಳಾಪಟ್ಟಿ ಪ್ರಕಟವಾದ ದಿನವೇ ಪ್ರತಿ ಪಂದ್ಯದ ಮುಂದೆ ವಾಹಿನಿಯ ಹೆಸರನ್ನು ಬರೆದುಕೊಂಡು, ನವೆಂಬರ್‌ನಿಂದ ಮಾರ್ಚ್‌ವರೆಗೆ ಯಾವುದು ಬೇಕೋ ಅದನ್ನಷ್ಟೇ ತೆಗೆದುಕೊಳ್ಳಿ.

ಸಿಯಾಟಲ್‌ನ ಗಡಿಯಾರ ಇಂಡಿಯಾನಾಕ್ಕಿಂತ ಮೂರು ಗಂಟೆ ಹಿಂದಿದೆ. ಅಲ್ಲಿ ರಾತ್ರಿ ಏಳಕ್ಕೆ ಆರಂಭವಾಗುವ ಪಂದ್ಯ ನಿಮಗೆ ಸಂಜೆ ನಾಲ್ಕಕ್ಕೆ, ಅಂದರೆ ಕಚೇರಿಯಲ್ಲಿರುವಾಗಲೇ ಶುರುವಾಗುತ್ತದೆ. ಇಂಥ ದಿನಗಳಿಗೆ ನಾನು ಬಲವಾಗಿ ಹೇಳುವುದು ರೇಡಿಯೊ. ಪರ್ಡ್ಯೂ ತಂಡದ ಸ್ವಂತ ವೀಕ್ಷಕ ವಿವರಣೆ ಅಂತರ್ಜಾಲದಲ್ಲಿ ಕೇಳಲು ಸಿಗುತ್ತದೆ. ರಾಷ್ಟ್ರೀಯ ವಾಹಿನಿಯವರು ಎರಡೂ ತಂಡಗಳನ್ನು ಸಮಾನ ದೂರದಲ್ಲಿಟ್ಟು ಮಾತನಾಡುತ್ತಾರೆ. ಊರಿನ ರೇಡಿಯೊದವರು ಮಾತ್ರ ನಿಮ್ಮಂತೆಯೇ ಉಸಿರು ಬಿಗಿಹಿಡಿದು ಮಾತನಾಡುತ್ತಾರೆ. ನಾನೂ ಇಂಡಿಯಾನಾ ಬಿಟ್ಟ ಮೊದಲ ಚಳಿಗಾಲದಲ್ಲಿ, ಮನೆ ಮುಟ್ಟಿದ ಮೇಲೂ ಕಾರಿನಿಂದಿಳಿಯದೆ ಕೊನೆಯ ನಾಲ್ಕು ನಿಮಿಷಗಳ ಆಟವನ್ನು ಕೇಳಿದ್ದೇನೆ. ಹಿನ್ನೆಲೆಯಲ್ಲಿ ಕೇಳುತ್ತಿದ್ದ ವಿದ್ಯಾರ್ಥಿಗಳ ಕೂಗಿನಲ್ಲಿ ನಾನು ನಿಲ್ಲುತ್ತಿದ್ದ ಮೂಲೆ ಯಾವುದೆಂದು ಗುರುತಿಸಲು ಪ್ರಯತ್ನಿಸುತ್ತಿದ್ದೆ.

ನಿಮಗೆ ಮತ್ತೊಂದು ಅನುಕೂಲವಿದೆ. 2024ರಲ್ಲಿ ಸಿಯಾಟಲ್‌ನಲ್ಲೇ ಇರುವ ವಾಷಿಂಗ್ಟನ್ ವಿಶ್ವವಿದ್ಯಾಲಯ, ಒರೆಗಾನ್ ಮತ್ತು ಲಾಸ್ ಏಂಜಲೀಸ್‌ನ ಯುಸಿಎಲ್ಎ, ಯುಎಸ್‌ಸಿ ವಿಶ್ವವಿದ್ಯಾಲಯಗಳು ಬಿಗ್ ಟೆನ್‌ಗೆ ಸೇರಿ, ಕೂಟದಲ್ಲಿ ಈಗ 18 ತಂಡಗಳಿವೆ. ಹಾಗಾಗಿ ನಿಮ್ಮ ತಂಡ ಆಗಾಗ ನಿಮ್ಮ ಊರಿಗೇ ಬರುತ್ತದೆ. ಅಂದು ಕಪ್ಪು-ಹೊಂಬಣ್ಣದ ಅಂಗಿ ತೊಟ್ಟು ಹೋಗಿ. ನಿಮ್ಮಂತೆ ಊರು ಬಿಟ್ಟು ಬಂದವರು ಅಲ್ಲಿ ಖಂಡಿತ ಸಿಗುತ್ತಾರೆ, ಹಳೆಯ ವಿದ್ಯಾರ್ಥಿಗಳ ಸಂಘದ ಪರಿಚಯವೂ ಅಲ್ಲಿಂದಲೇ ಆಗುತ್ತದೆ. ಸಾಧ್ಯವಾದರೆ ಮನೆಯವರನ್ನೂ ಕರೆದುಕೊಂಡು ಹೋಗಿ.

ಫುಟ್‌ಬಾಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಪಂದ್ಯವನ್ನು ಬಿಡಬೇಡಿ. ಇಂಡಿಯಾನಾ ವಿಶ್ವವಿದ್ಯಾಲಯದೊಂದಿಗೆ ನಡೆಯುವ ವಾರ್ಷಿಕ ಪಂದ್ಯಕ್ಕೆ 1925ರಿಂದ ಬಹುಮಾನವಾಗಿರುವುದು ಬಾವಿಯಿಂದ ನೀರು ಸೇದುವ ಓಕ್ ಮರದ ಹಳೆಯ ಬಕೆಟ್. ಗೆದ್ದ ತಂಡದ ಹೆಸರಿನ ಮೊದಲ ಅಕ್ಷರದ ಕೊಂಡಿಯನ್ನು ಪ್ರತಿ ವರ್ಷ ಅದರ ಸರಪಳಿಗೆ ಸೇರಿಸುತ್ತಾರೆ. ಬಕೆಟ್‌ಗಾಗಿ ನಡೆದ ಮೊದಲ ಪಂದ್ಯ 0–0ರಲ್ಲಿ ಮುಗಿದುದರಿಂದ ಮೊದಲ ಕೊಂಡಿಯಲ್ಲಿ ಎರಡೂ ತಂಡಗಳ ಅಕ್ಷರಗಳಿವೆ. 2024ರಲ್ಲಿ ಪರ್ಡ್ಯೂ 66–0ರಿಂದ ಸೋತಿತು. ಆ ಸೋಲಿನ ಕೊಂಡಿಯೂ ಸರಪಳಿಯಲ್ಲಿ ಉಳಿದ ಕೊಂಡಿಗಳ ಪಕ್ಕದಲ್ಲೇ ಇದೆ. ಈ ಪಂದ್ಯವು ರೂಢಿಯಂತೆ ನವೆಂಬರ್ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ರಜೆಯ ವಾರದಲ್ಲಿ ಬರುವುದರಿಂದ, ಕಚೇರಿಯ ಅಡ್ಡಿಯೂ ನಿಮಗಿರುವುದಿಲ್ಲ.